ಹಲ್ಲಿಲ್ಲದ ಸಾಧು

ಹಲ್ಲಿನ ಡಾಕ್ಟರು ಹೊಸದಾಗಿ ಕ್ಲಿನಿಕ್ಕು ತೆರೆದಿದ್ದರು. ಬೀದಿಯ ಜನ ಇಣುಕಿ ನೋಡಿ ಮುಂದಕ್ಕೆ ಹೋಗುತ್ತಿದ್ದರು. ಇದಕ್ಕೆಲ್ಲ ಮೂಲ ಅದೇ ಕಟ್ಟಡದ ಮಹಡಿಯಲ್ಲಿದ್ದ ಮಾವ. ಕೆನ್ನೆ ಬನ್ನಿನ ಹಾಗೆ ಊದಿದ್ದರೂ ಅವರು ಅಳಿಯನ ಬಾಗಿಲಿಗೆ ಬರಲಿಲ್ಲ. ಊದಿದ ಕೆನ್ನೆಯನ್ನು ಹೊತ್ತುಕೊಂಡೇ ದಿನಾ ಬೀದಿ ಸುತ್ತುತ್ತಿದ್ದರು. ಮಾವನೇ ನಂಬದ ಡಾಕ್ಟರಿಗೆ ಬಾಯಿ ಕೊಡುವವರು ಯಾರು? ಮನೆ ಗೆದ್ದು ಮಾರು ಗೆಲ್ಲು ಅನ್ನುತ್ತಾರೆ. ಡಾಕ್ಟರಿಗೆ ಮನೆಯೇ ಸೋತು ಕೂತಿತ್ತು.

“ಮೀನು ನೋಡ್ತಾ ಕೂತ್ರೆ ಅಪ್ಪಂಗೆ ಲೋಕವೇ ಬೇಡ. ಕಾಯೋ ಜಾಗದಲ್ಲಿ ಒಂದು ಗಾಜಿನ ತೊಟ್ಟಿ ಇಡಿ, ತಾವಾಗೇ ಇಳಿದು ಬರ್ತಾರೆ,” ಎಂದು ಹೆಂಡತಿ ಉಪಾಯ ಹೇಳಿಕೊಟ್ಟಳು.

ಮೀನಿನಂಗಡಿಯವನು ಸಿಕ್ಲಿಡ್ ಜಾತಿಯ ಮೀನುಗಳನ್ನು ತೋರಿಸಿದ. ಅವುಗಳಲ್ಲಿ ಕೆಲವು, ಕಾಲಿಲ್ಲದಿದ್ದರೂ, ಕಾಲು ಕೆರೆದು ಜಗಳಕ್ಕೆ ಹೋಗುವಂಥವು. ಕೆಲವು ತಮ್ಮ ಪಾಡಿಗೆ ತಾವಿರುವ ಸಾಧುಗಳು. ಡಾಕ್ಟರು ಯಾವುದರ ಗುಣವನ್ನೂ ವಿಚಾರಿಸಲಿಲ್ಲ. ಜೇಬಿನ ಟಾರ್ಚು ತೆಗೆದು ಒಂದೊಂದರ ಬಾಯಿ ಪರೀಕ್ಷಿಸಿದರು. ಅವರ ಲೆಕ್ಕದಲ್ಲಿ ಲೋಕದ ಕೇಡೆಲ್ಲ ಹಲ್ಲಿನಿಂದಲೇ ಶುರು. ಕೊನೆಗೆ ಬಾವುಟದಂಥ ರೆಕ್ಕೆಯ, ಪುಟ್ಟ ಬಾಯಿಯ, ಹಲ್ಲೇ ಕಾಣದ ಬೆಳೆದ ಏಂಜಲ್ ಮೀನೊಂದು ಪಾಸಾಯಿತು.

“ಇದು ಸಾಧುನೇ ಸರ್. ಆದ್ರೆ ಜೊತೆಗೆ ಬಿಡೋವು ಇದರ ಬಾಯಿಗಿಂತ ದೊಡ್ಡವಿರಬೇಕು. ಆ ಸಣ್ಣ ಟೆಟ್ರಾ ಮೀನುಗಳು ಬೇಡ,” ಅಂದ ಅಂಗಡಿಯವನು.

“ಹಲ್ಲೇ ಇಲ್ಲದ್ದು ಏನು ಮಾಡುತ್ತೆ? ಹಲ್ಲಿನ ವಿಷಯ ನಂಗೆ ಬಿಡಿ,” ಎಂದು ಡಾಕ್ಟರು ನಕ್ಕು, ದಾರದ ತುಂಡಿನಂತೆ ಮಿನುಗುವ ಟೆಟ್ರಾಗಳ ಹಿಂಡನ್ನೇ ತಂದು ತೊಟ್ಟಿಗೆ ಬಿಟ್ಟರು.

ಮಾವ ಇಳಿದು ಬಂದರು. “ಮೀನು ನೋಡೋಕೆ ಬಂದೆ, ಹಲ್ಲಿಗಲ್ಲ,” ಎಂದು ಮೊದಲೇ ಹೇಳಿ ಕೂತರು. ಆಮೇಲೆ ಅದೇ ಅಭ್ಯಾಸವಾಯಿತು.

“ಆ ದೊಡ್ಡದು ಚಿಕ್ಕವನ್ನ ಏನೂ ಮಾಡಲ್ವಾ?” ಎಂದು ಒಂದು ದಿನ ಕೇಳಿದರು.

“ಅದಕ್ಕೆ ಹಲ್ಲಿಲ್ಲ ಮಾವ. ನನ್ನ ಮಾತು ನಂಬಿ.”

ಮಾವ ನಂಬಿದರು. ಟೆಟ್ರಾಗಳು ಕಡಿಮೆಯಾದಂತೆ ಕಂಡಾಗಲೂ ಡಾಕ್ಟರು, ಗಿಡದ ಮರೆಯಲ್ಲಿರಬೇಕು ಅಂದುಕೊಂಡು ಸುಮ್ಮನಾದರು.

ಕೊನೆಗೊಂದು ಬೆಳಿಗ್ಗೆ ಮಾವ, “ಇವತ್ತು ನೋಡಿಬಿಡಪ್ಪ,” ಅಂದರು. ಡಾಕ್ಟರು ಹಿಗ್ಗಿ ಕೈಗವಸು ಹಾಕಿಕೊಳ್ಳುವಷ್ಟರಲ್ಲಿ ಏಂಜಲ್ ಮೆಲ್ಲಗೆ ತೇಲಿ ಬಂದು ಟೆಟ್ರಾ ಒಂದನ್ನು ಗುಳುಂ ಮಾಡಿತು. ತುಟಿಯ ಹೊರಗೆ ಬಾಲವಷ್ಟೇ ಒಂದು ಕ್ಷಣ ಅಲ್ಲಾಡಿತು. ಮಾವನನ್ನು ನೋಡಿ ಧೈರ್ಯ ಮಾಡಿ ಬಂದು ಕಾಯುತ್ತಿದ್ದ ಹೆಂಗಸೊಬ್ಬಳು ಚೀಲ ಎತ್ತಿಕೊಂಡು ಹೊರಟಳು. ಮಾವ ಆಗಲೇ ಮೆಟ್ಟಿಲು ಹತ್ತುತ್ತಿದ್ದರು.

ಡಾಕ್ಟರು ಒಂದೇ ಕೈಗೆ ಗವಸು ಹಾಕಿಕೊಂಡು ಹಿಂದೆ ಓಡಿದರು.

“ಹಲ್ಲಿಲ್ಲ ಅಂದ್ಯಲ್ಲಪ್ಪ,” ಅಂದರು ಮಾವ.

ಅಂಗಡಿಯವನ ಮೇಲೆ ಗೂಬೆ ಕೂರಿಸಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಆ ಊದಿದ ಕೆನ್ನೆ ನೋಡಿ ಡಾಕ್ಟರಿಗೆ ಸುಳ್ಳು ಹೇಳಲು ನಾಲಿಗೆ ಏಳಲಿಲ್ಲ.

“ತಪ್ಪಾಯ್ತು ಮಾವ. ಅಂಗಡಿಯವನು ಹೇಳಿದ್ದ, ನಾನೇ ಕೇಳಲಿಲ್ಲ. ನುಂಗೋಕೆ ಹಲ್ಲು ಬೇಡ ಅನ್ನೋದು ತಲೆಗೇ ಹೊಳೀಲಿಲ್ಲ.”

ಮಾವ ಮೆಟ್ಟಿಲ ಮೇಲೇ ಕೂತರು. “ನಿನ್ನ ಕೈ ಸರಿಯಿಲ್ಲ ಅಂತ ಅಲ್ಲಪ್ಪ ನಾನು ಬರದೇ ಇದ್ದದ್ದು. ನಂಗೆ ಹೆದರಿಕೆ. ಹಿಂದೊಬ್ಬ ನೋವೇ ಆಗಲ್ಲ ಅಂತ ಹೇಳಿ ಕಿತ್ತ, ಪ್ರಾಣ ಹೋಗಿ ಬಂತು. ಅಳಿಯನ ಮುಂದೆ ಅತ್ತುಬಿಟ್ರೆ ಏನು ಗತಿ.”

ಇಷ್ಟು ದಿನ ಅವರನ್ನು ಹಟಮಾರಿ ಎಂದು ಬೈದುಕೊಂಡಿದ್ದಕ್ಕೆ ಡಾಕ್ಟರಿಗೆ ನಾಚಿಕೆಯಾಯಿತು.

ಮಧ್ಯಾಹ್ನ ಇಬ್ಬರೂ ಅಂಗಡಿಗೆ ಹೋಗಿ, ಅಳಿದುಳಿದ ಟೆಟ್ರಾಗಳನ್ನು ಒಪ್ಪಿಸಿ, ತೊಟ್ಟಿಯ ತಳದಲ್ಲಿ ಮೂತಿಯಿಟ್ಟು ಓಡಾಡುವ ದುಂಡನೆಯ ಕೋರಿ ಮೀನುಗಳನ್ನು ತಂದರು. ಅಂಗಡಿಯವನು ಹೇಳಿದ್ದಕ್ಕೆಲ್ಲ ಡಾಕ್ಟರು ಶಾಲೆಯ ಹುಡುಗನಂತೆ ತಲೆಯಾಡಿಸಿದರು. ಹೊಸಬರನ್ನು ನೀರಿಗೆ ಬಿಟ್ಟ ಮೇಲೆ ಮಾವ ತಾವೇ ಒಳಗೆ ಹೋಗಿ ಕುರ್ಚಿಗೆ ಒರಗಿದರು.

“ನೋಯುತ್ತಾ?”

ಎಲ್ಲರಿಗೂ ಹೇಳುವ ಉತ್ತರ ಡಾಕ್ಟರ ನಾಲಿಗೆಯ ತುದಿಗೆ ಬಂದಿತ್ತು. ತಡೆದುಕೊಂಡರು.

“ನೋಯುತ್ತೆ ಮಾವ. ಸೂಜಿ ಚುಚ್ಚೋವಾಗ ಸ್ವಲ್ಪ. ಅಳು ಬಂದ್ರೆ ಅಳಿ, ಬಾಗಿಲು ಹಾಕಿದೀನಿ.”

ಮಾವ ಅಳಿಯನ ಮುಖವನ್ನೇ ಒಂದು ಗಳಿಗೆ ನೋಡಿ, ಬಾಯಿ ತೆರೆದರು.