ಹಂಡ್ಯಾನಿಗೆ ಕೋಳಿ ಪಾಠ

ಬಾಗಿಯ ನಾಯಿ ನವಿ ಮುಂಬಯಿಯ ಕೋಪರಖೈರಣೆಗೆ ಬಂದದ್ದು ಈರುಳ್ಳಿ ಲಾರಿಯಲ್ಲಿ. ಅವಳ ಅಪ್ಪ ವಿಜಾಪುರದ ಕಡೆಯ ಕುರಿಗಾರ. ಮೊಣಕಾಲು ಹಿಡಿದುಕೊಂಡ ಮೇಲೆ ಕುರಿಗಳನ್ನೆಲ್ಲ ಮಾರಿದರು. ಆದರೆ ನಾಯಿಯನ್ನು ಕೊಳ್ಳುವವರು ಯಾರು? ವಾಶಿ ಮಾರ್ಕೆಟ್ಟಿಗೆ ಹೊರಟಿದ್ದ ಲಾರಿಯ ಡ್ರೈವರನಿಗೆ ಕೈಮುಗಿದು, ಮಗಳಿಗೆ ಮುಟ್ಟಿಸು ಎಂದು ಹತ್ತಿಸಿಬಿಟ್ಟರು. ಅದೇ ಮಾರ್ಕೆಟ್ಟಿನಲ್ಲಿ ಮೂಟೆ ಹೊರುವ ಬಾಗಿಯ ಗಂಡ ಜಟ್ಟೆಪ್ಪ ಆ ದಿನ ಈರುಳ್ಳಿಯ ಜೊತೆಗೆ ನಾಯಿಯನ್ನೂ ಇಳಿಸಿಕೊಂಡು ಮನೆಗೆ ಬಂದ. ಮೈಮೇಲೆ ಕಪ್ಪು ಬಿಳಿ ಮಚ್ಚೆ, ಹೆಸರು ಹಂಡ್ಯಾ.

ಮದುವೆಯಾಗಿ ಬಂದಾಗಿನಿಂದ ನನ್ನ ಪಕ್ಕದ ಖೋಲಿಯಲ್ಲಿ ಗೋಡೆ ನೋಡುತ್ತ ಕೂರುತ್ತಿದ್ದ ಹುಡುಗಿ ಅಂದಿನಿಂದ ಮಾತಾಡತೊಡಗಿದಳು. ನಮ್ಮೊಡನೆ ಅಲ್ಲ, ನಾಯಿಯೊಡನೆ. ಊರಿನ ಮಳೆ ಹೇಗೆ, ಯಾವ ಟಗರು ಯಾರಿಗೆ ಹಾಯುತ್ತಿತ್ತು, ಎಲ್ಲ ನೆನಪಿಸಿ ನೆನಪಿಸಿ ಹೇಳುವಳು. ಹಂಡ್ಯಾ ಕಿವಿ ನಿಮಿರಿಸಿ ಕೇಳುವನು.

ತೊಂದರೆ ಬಂದದ್ದು ಶೇಖರನ ಹೇಂಟೆಗಳಿಂದ. ಶೇಖರ ನಮ್ಮ ಚಾಳಿನ ಯಜಮಾನ, ನಮ್ಮ ಕಾರ್ಕಳದ ಕಡೆಯವನೇ. ಹೋಟೆಲು ಬಿಟ್ಟ ಮೇಲೆ ಅಂಗಳದಲ್ಲಿ ಊರ ಕೋಳಿ ಸಾಕಿಕೊಂಡಿದ್ದ. ಮೊಟ್ಟೆಯನ್ನು ಚಾಳಿನವರಿಗೆ ಪುಕ್ಕಟೆ ಹಂಚಿ, ಒಂದೊಂದು ಮೊಟ್ಟೆಗೂ ಸಂಜೆಯವರೆಗೆ ಹೊಗಳಿಸಿಕೊಳ್ಳುವ ಆಸಾಮಿ. ಹಂಡ್ಯಾ ಆ ಕೋಳಿಗಳನ್ನು ಕಂಡಾಗ ಕಚ್ಚಲಿಲ್ಲ, ಬೊಗಳಲೂ ಇಲ್ಲ. ತಲೆ ತಗ್ಗಿಸಿ ಒಂದು ಸುತ್ತು ಹಾಕಿ, ಅಷ್ಟನ್ನೂ ನೀರಿನ ಟಾಂಕಿಯ ಮೂಲೆಗೆ ಒತ್ತರಿಸಿ, ಎದುರಿಗೆ ನಿಂತ. ಒಂದು ಹೇಂಟೆ ಕಾಲೆತ್ತಿದರೆ ಇವನೂ ಒಂದು ಹೆಜ್ಜೆ ಮುಂದೆ. ಅವನ ಮುಖದಲ್ಲಿ ಕೆಲಸ ಮುಗಿಸಿದ ನೆಮ್ಮದಿ. ಕೋಳಿಗಳಿಗೆ ಮಾತ್ರ ಅರ್ಧ ಜೀವ ಹೋಗಿತ್ತು.

ದಿನಾ ಇದೇ ಆಯಿತು. ಹೇಂಟೆಗಳು ಮೊಟ್ಟೆಯಿಡುವುದನ್ನು ನಿಲ್ಲಿಸಿದವು. ಶೇಖರ ಬಾಗಿಯ ಬಾಗಿಲಿಗೆ ಬಂದು ನಿಂತ.

"ಬಂದ ಲಾರಿಯಲ್ಲೇ ವಾಪಸ್ ಕಳಿಸು ಅದನ್ನು. ನಾಳೆಯೇ."

"ಅಣ್ಣಾರ, ಅದು ಕೊಲ್ಲೂ ನಾಯಿ ಅಲ್ರಿ, ಓಡೂ ಕುರಿ ತರಬಿ ಒಂದ ಕಡೆ ಕೂಡಸೂ ನಾಯಿ. ಅಲ್ಲಿ ಈಗ ಕುರಿ ಇಲ್ಲ, ಅಪ್ಪಗ ಅಡ್ಡಾಡಾಕ ಬರಂಗಿಲ್ಲ. ವಾಪಸ್ ಹೋದ್ರ ಬೀದಿಪಾಲ ಆಕ್ಕೈತ್ರಿ."

"ಇಲ್ಲಿ ನನ್ನ ಹೇಂಟೆಗಳಿಗೆ ಮರ್ಲು ಹಿಡಿದಿದೆ ಮಾರಾಯ್ತಿ!"

ಬಾಗಿ ನಾಯಿಯ ಕೊರಳು ತಬ್ಬಿಕೊಂಡು ಕೂತುಬಿಟ್ಟಳು. ಅವಳ ಮುಖ ನೋಡಲಾರದೆ ನಾನು ಬಾಯಿ ಹಾಕಿದೆ.

"ಶೇಖರ, ಆಟಿ ಶುರುವಾಯ್ತಲ್ಲ?"

"ಹೌದು ಸುಂದರಿಯಕ್ಕ. ಅದಕ್ಕೆಂತ ಈಗ?"

"ಆಟಿಯಲ್ಲಿ ಯಾರನ್ನಾದರೂ ಮನೆ ಬಿಡಿಸುವ ಕ್ರಮ ಉಂಟಾ ನಮ್ಮಲ್ಲಿ?"

ನಮ್ಮ ತುಳುವರಿಗೆ ಆಟಿಯೆಂದರೆ ನಡು ಮಳೆಗಾಲದ ತಿಂಗಳು. ಆಗ ಮದುವೆಯಿಲ್ಲ, ಗೃಹಪ್ರವೇಶವಿಲ್ಲ, ಒಂದು ಖೋಲಿಯ ಸಾಮಾನು ಇನ್ನೊಂದಕ್ಕೆ ಸಾಗಿಸುವುದೂ ಇಲ್ಲ. ಮುಂಬಯಿಗೆ ಬಂದು ಇಷ್ಟು ವರ್ಷವಾದರೂ ಶೇಖರ ಆಟಿಯಲ್ಲಿ ಬಾಡಿಗೆದಾರರನ್ನು ಸೇರಿಸಿದವನಲ್ಲ, ಬಿಡಿಸಿದವನೂ ಅಲ್ಲ.

"ಅದೆಲ್ಲ ಮನುಷ್ಯರಿಗೆ ಅಕ್ಕ."

"ನಾಯಿಗೆ ಬೇರೆ ಪಂಚಾಂಗ ಮಾಡಿಸಿದ್ದೀಯಾ?"

ಜಟ್ಟೆಪ್ಪನಿಗೆ ಆಟಿಯೂ ಗೊತ್ತಿಲ್ಲ, ಪಾಟಿಯೂ ಗೊತ್ತಿಲ್ಲ. ಆದರೂ ಗಂಭೀರವಾಗಿ, "ಅಲ್ಲ ಮತ್ತ! ದೇವರ ಮಾತು ಮೀರಬಾರದ್ರಿ" ಎಂದ.

ಶೇಖರ ತಲೆ ಕೆರೆದುಕೊಂಡ. "ಆಯ್ತು. ಆಟಿ ಕಳೆದು ಸೋಣ ಸಂಕ್ರಾಂತಿಯ ದಿನ ಗೂಡು ತೆರೆದು ಬಿಡ್ತೇನೆ. ನಾಯಿಯನ್ನು ಕಟ್ಟಬಾರದು. ಒಂದೇ ಒಂದು ಹೇಂಟೆಯ ಹಿಂದೆ ಹೋದರೂ ಲಾರಿ ಹತ್ತಬೇಕು."

ಪಾಠವನ್ನು ಮೊದಲು ಜಟ್ಟೆಪ್ಪನೇ ಶುರು ಮಾಡಿದ. ನಾಯಿ ಕೋಳಿಯನ್ನು ನೋಡಿದಾಗಲೆಲ್ಲ ಟವೆಲಿನಿಂದ ಬಾರಿಸಿದ. ಅದರಿಂದ ಹಂಡ್ಯಾ ಕಲಿತದ್ದು ಇಷ್ಟೇ: ಕೋಳಿ ಬಂದರೆ ಏಟು ಬೀಳುತ್ತದೆ, ಆದ್ದರಿಂದ ಕೋಳಿಯ ಮೇಲೆ ಇನ್ನೂ ಚೆನ್ನಾಗಿ ಕಣ್ಣಿಡಬೇಕು. ನಾನು ಟವೆಲು ಕಸಿದುಕೊಂಡೆ.

ನಾನು ಅಕ್ಷರ ಕಲಿತದ್ದು ರಾತ್ರಿ ಶಾಲೆಯಲ್ಲಿ, ಮಕ್ಕಳಾದ ಮೇಲೆ. ನಮ್ಮ ಮಾಸ್ತರರು ತಪ್ಪಿಗೆ ಬೈದವರಲ್ಲ. ಸ್ಲೇಟಿನ ತುಂಬ ಕಾಗೆ ಕಾಲಿನ ನಡುವೆ ಒಂದು ಅಕ್ಷರ ನೆಟ್ಟಗಿದ್ದರೆ ಅದನ್ನು ಹುಡುಕಿ ಭೇಷ್ ಎನ್ನುವರು. ನಾಯಿಗೂ ಅದೇ ಸಾಕು ಅನ್ನಿಸಿತು. ಹಂಡ್ಯಾನನ್ನು ಬಾಗಿಯ ಹೊಸ್ತಿಲ ಬಳಿ ಕಟ್ಟಿದೆವು. ಕೋಳಿಗಳು ದೂರದಲ್ಲಿ, ಅಂಗಳದ ಆ ಕೊನೆಗೆ. ಅವನು ಎಷ್ಟು ಹೊತ್ತು ಬೇಕಾದರೂ ನೋಡಲಿ, ನಾವು ಮಾತಾಡುವುದಿಲ್ಲ. ನೋಡಿ ಸಾಕಾಗಿ ಒಮ್ಮೆ ಮುಖ ತಿರುಗಿಸಿದನೋ, ಕೂಡಲೇ ಭೇಷ್, ಬಾಯಿಗೊಂದು ತುಂಡು.

ಆ ತುಂಡಿನಲ್ಲಿ ನಾನು ಎಡವಿದೆ. ನಾವು ಕರಾವಳಿಯವರು, ರುಚಿ ಎಂದರೆ ನಮಗೆ ಒಣಮೀನು. ಡಬ್ಬಿ ತೆರೆದು ಒಣಸಿಗಡಿ ಹಿಡಿದು ಕೂತೆ. ಹಂಡ್ಯಾ ಮುಖ ತಿರುಗಿಸಿದ, ನಾನು ಕೈ ನೀಡಿದೆ. ಅಷ್ಟರಲ್ಲಿ ಅಂಗಳದ ಕೋಳಿಗಳಿಗೆಲ್ಲ ವಾಸನೆ ಹೊಡೆಯಿತು. ರೆಕ್ಕೆ ಬಿಚ್ಚಿ ಓಡಿ ಬಂದು ನನ್ನ ಮಡಿಲೇರಿದವು. ಒಂದು ಹುಂಜ ಹಂಡ್ಯಾನ ಬಾಯಿಂದಲೇ ಸಿಗಡಿ ಕಿತ್ತುಕೊಂಡಿತು. ಅವನ ಶಾಸ್ತ್ರದಲ್ಲಿ ಮಂದೆ ಓಡಬೇಕು, ನಾಯಿ ಹಿಂದೆ ಹೋಗಬೇಕು. ಮಂದೆಯೇ ಮೈಮೇಲೆ ಬಿದ್ದರೆ ಏನು ಮಾಡುವುದು? ಬಾಲ ಮಡಚಿ ಬಾಗಿಯ ಸೀರೆಯ ಹಿಂದೆ ಅಡಗಿದ.

"ಅವ್ವಾ, ಪಾಠ ನಾಯಿಗೋ ಕೋಳಿಗೋ?" ಬಾಗಿ ನಕ್ಕಳು. ಅವಳು ನನ್ನನ್ನು ಮಾತಾಡಿಸಿ ನಕ್ಕದ್ದು ಅದೇ ಮೊದಲು.

ಮರುದಿನದಿಂದ ಒಣಮೀನಿನ ಬದಲು ಜೋಳದ ರೊಟ್ಟಿಯ ಚೂರು, ಅದೂ ಮುಷ್ಟಿಯೊಳಗೆ ಬಚ್ಚಿಟ್ಟು. ಜಟ್ಟೆಪ್ಪ ಗೊಣಗಿದ: "ನಾಯಿಗೆ ರೊಟ್ಟಿ, ನನಗ ಪಾವ್. ಮುಂದಿನ ಜನ್ಮದಾಗ ನಾನೂ ನಾಲ್ಕು ಕಾಲಿಲೇ ಬರ್ತೀನಿ."

ಓಡಾಡದ ನಾಯಿಗೆ ತಾಳ್ಮೆ ಎಲ್ಲಿಂದ ಬರಬೇಕು? ಪಾಠಕ್ಕೆ ಮೊದಲು ಬಾಗಿ ಅವನನ್ನು ಕಡಲ ಹಿನ್ನೀರಿನ ಖಾಡಿಯ ಬದಿಗೆ ಕರೆದೊಯ್ದು ಸುಸ್ತಾಗುವಷ್ಟು ನಡೆಸಿ ತರುವಳು. ಬರುವಾಗ ಇಬ್ಬರ ಮೈಯೂ ಕೆಸರು. ದಾರಿಯಲ್ಲಿ ಪೇಟೆಯವರು ಪರಿಚಯವಾಗಿ, ಅವಳ ಬಾಯಿಗೆ ಮರಾಠಿಯೂ ಒಂದಿಷ್ಟು ಹತ್ತಿತು. ಹಗ್ಗದ ಗೂಟವನ್ನು ನಾವು ನಿಧಾನವಾಗಿ ಗೂಡಿನ ಕಡೆಗೆ ಸರಿಸುತ್ತ ಹೋದೆವು. ಹಂಡ್ಯಾ ಕೋಳಿಯನ್ನು ನೋಡುವನು, ನಿಟ್ಟುಸಿರು ಬಿಡುವನು, ನಮ್ಮ ಕಡೆ ತಿರುಗುವನು. ಒಂದು ದಿನ ಗುಡುಗಿಗೆ ಬೆದರಿ ಕೋಳಿಗಳು ಹಾರಿದಾಗ ಹಗ್ಗ ಜಗ್ಗಿಕೊಂಡು ಹೋಗಿ ಮತ್ತೆ ಮೂಲೆಗೆ ಒತ್ತರಿಸಿದ. ಬಾಗಿ ಅತ್ತಳು. ಗೂಟವನ್ನು ಮತ್ತೆ ಹೊಸ್ತಿಲಿಗೆ ತಂದೆವು. ಮೊದಲಿನಿಂದ ಶುರು.

ಸೋಣ ಸಂಕ್ರಾಂತಿ ಬಂತು. ಶೇಖರ ಒಗೆದ ಪಂಚೆಯುಟ್ಟು, ಕೊಡೆ ಹಿಡಿದು ನ್ಯಾಯಾಧೀಶನ ಹಾಗೆ ಗೂಡಿನ ಪಕ್ಕ ನಿಂತ. ಜಟ್ಟೆಪ್ಪ ಕೆಲಸಕ್ಕೆ ರಜೆ ಹಾಕಿದ್ದ. ಬಾಗಿ ಹಗ್ಗ ಬಿಚ್ಚಿದಳು.

ಗೂಡು ತೆರೆಯಿತು. ಹೇಂಟೆಗಳು ಇಳಿದು ಕೆದಕುತ್ತ ಬಂದವು. ಹಂಡ್ಯಾ ನೋಡಿದ, ಬಾಗಿಯ ಕಡೆ ತಿರುಗಿದ. ಒಂದು ಹೇಂಟೆ ಅವನ ಉಗುರನ್ನೇ ಕುಕ್ಕಿ ನೋಡಿತು. ಕಾಲು ಎಳೆದುಕೊಂಡ, ಅಷ್ಟೆ. ಶೇಖರ ಹುಬ್ಬೇರಿಸಿದ.

ಅಷ್ಟರಲ್ಲಿ ಗ್ಯಾಸಿನವನು ಗೇಟು ತಳ್ಳಿ ಧಡಾರನೆ ಸಿಲಿಂಡರ್ ಇಳಿಸಿದ. ಕೋಳಿಗಳು ಕೊಕ್ಕೋ ಎಂದು ಹಾರಿ, ತೆರೆದ ಗೇಟಿನಿಂದ ಗಲ್ಲಿಗೆ ನುಗ್ಗಿದವು. ಹಂಡ್ಯಾ ಎದ್ದು ನಿಂತ. ಮೂಗಿನಿಂದ ಬಾಲದವರೆಗೆ ಮೈಯೆಲ್ಲ ನಡುಗಿತು. ಚದುರಿ ಓಡುವ ಮಂದೆಯನ್ನು ತರುಬುವುದಕ್ಕೆಂದೇ ಹುಟ್ಟಿದ ಜೀವ ಅದು. ಬಾಗಿ ಕಣ್ಣು ಮುಚ್ಚಿಕೊಂಡಳು.

ಹಂಡ್ಯಾ ಒಂದು ನಿಟ್ಟುಸಿರು ಬಿಟ್ಟು, ಅವಳ ಕಡೆ ತಿರುಗಿ, ಕುಂಡೆಯೂರಿ ಕೂತ.

ಗಲ್ಲಿಯಿಂದ ಶೇಖರ ಕೂಗಿದ: "ಅಕ್ಕಾ, ಕೋಳಿಗಳನ್ನು ತಿರುಗಿಸ್ಲಿಕ್ಕೆ ಹೇಳಿ ನಾಯಿಗೆ! ರಿಕ್ಷಾ ಬರ್ತಾ ಉಂಟು!"

"ಹೇಗೆ ಹೇಳುವುದು ಮಾರಾಯ? ತಿಂಗಳಿಡೀ ಬೇಡ ಅಂತಲೇ ಅಲ್ವಾ ಕಲಿಸಿದ್ದು!"

ಒಗೆದ ಪಂಚೆ ಎತ್ತಿ ಕಟ್ಟಿಕೊಂಡು ಶೇಖರ ಕೊಡೆ ಬೀಸುತ್ತ ಓಡಿದ, ಜಟ್ಟೆಪ್ಪ ಟವೆಲು ಬೀಸುತ್ತ ಓಡಿದ. ಒಂದು ಹೇಂಟೆ ಪೇರಲೆ ಗಾಡಿ ಹತ್ತಿತ್ತು, ಹುಂಜ ರಿಕ್ಷಾದ ಸೀಟಿನಲ್ಲಿತ್ತು. ಕಡೆಗೂ ಅಷ್ಟನ್ನೂ ಹಿಡಿದು ತಂದಾಗ ಇಬ್ಬರ ಮೈಯೂ ಕೆಸರು. ಹಂಡ್ಯಾ ಕೂತಲ್ಲೇ ಆಕಳಿಸುತ್ತಿದ್ದ.

"ಇಷ್ಟು ಸೋಮಾರಿ ನಾಯಿಯನ್ನು ನಾನು ಕಂಡೇ ಇಲ್ಲ," ಶೇಖರ ಏದುಸಿರು ಬಿಟ್ಟ.

"ಹಂಗಾರ ಲಾರಿಗೆ ಫೋನ್ ಮಾಡ್ಲೇನ್ರಿ ಅಣ್ಣಾರ?" ಬಾಗಿ ಕೇಳಿದಳು, ಸೆರಗಿನಲ್ಲಿ ನಗು ಮುಚ್ಚಿ.

"ಸುಮ್ಮನಿರು. ಇಂಥ ಸಾಧು ಪ್ರಾಣಿಯನ್ನು ಲಾರಿಗೆ ಹತ್ತಿಸ್ತಾರಾ ಯಾರಾದರೂ? ಇರಲಿ ಇಲ್ಲೇ."

ಸಂಜೆ ಬಾಗಿ ಮೆಟ್ಟಿಲ ಮೇಲೆ ಕೂತು ಅಪ್ಪನಿಗೆ ಮೊಬೈಲ್ ಹಚ್ಚಿದಳು. ಆ ಕಡೆಯಿಂದ ಮುದುಕರ ದೊಡ್ಡ ಗಂಟಲು ನನಗೂ ಕೇಳಿಸಿತು: ಅಂಥ ಊರಾಗ ನಾಯಿ ಏನು ಕೆಲಸ ಮಾಡ್ತೈತವ್ವಾ?

"ಏನೂ ಮಾಡಂಗಿಲ್ಲ ಅಪ್ಪಾ," ಎಂದಳು ಬಾಗಿ ಹೆಮ್ಮೆಯಿಂದ. "ಅದಕ್ಕ ಇಟ್ಕೊಂಡಾರ."