ನನ್ನ ಮೈಮೇಲೆ ಬಿದ್ದ ಚೆಂಡು

ನಾನು ಒಂದು ನವಾರದ ಪಟ್ಟಿ. ಮಂಚ ಹೆಣೆಯುವ ದಪ್ಪ ನೂಲಿನ ಬಿಳಿ ಪಟ್ಟಿ. ಅಗಲ ಮೂರು ಬೆರಳು, ಉದ್ದ ಒಂದು ಮಂಚ ತುಂಬುವಷ್ಟು. ನನಗೆ ಓದು ಬರಹ ಬಾರದು. ಇಷ್ಟು ವರ್ಷ ಯಾರ್ಯಾರ ಭಾರವನ್ನೋ ಹೊತ್ತೆ, ತುಟಿ ಬಿಚ್ಚಲಿಲ್ಲ. ಆದರೆ ಭಾರ ಬೇರೆ, ಅಪವಾದ ಬೇರೆ. ಡೊಂಕು ಅನ್ನಿಸಿಕೊಂಡು ಸುಮ್ಮನಿರುವುದು ನನ್ನಿಂದಾಗದು. ಅದಕ್ಕೇ ಹೇಳುತ್ತಿದ್ದೇನೆ.

ನಾನು ಹುಟ್ಟಿದ್ದು ಜೈಲಿನಲ್ಲಿ. ನಗಬೇಡಿ. ಆ ಕಾಲದಲ್ಲಿ ಗಟ್ಟಿ ನವಾರ ಬೇಕೆಂದರೆ ಜೈಲಿನ ಮಗ್ಗದ್ದೇ ಕೊಡಿ ಎಂದು ಜನ ಕೇಳಿ ಒಯ್ಯುತ್ತಿದ್ದರು. ನನ್ನನ್ನು ನೇಯ್ದವನು ಒಬ್ಬ ಕೈದಿ. ಏನು ಮಾಡಿ ಒಳಗೆ ಬಂದಿದ್ದನೋ, ಮಗ್ಗದ ಹತ್ತಿರ ಅದರ ಮಾತು ಯಾರೂ ಎತ್ತುತ್ತಿರಲಿಲ್ಲ. ಅಂಚು ಒಂದೆಳೆ ಸರಿದರೂ ಬಿಚ್ಚಿ ಮತ್ತೆ ನೇಯುತ್ತಿದ್ದ.

"ಯಾಕೋ ಮಾರಾಯಾ, ಇದರ ಮ್ಯಾಲ ನಿಮ್ಮಪ್ಪ ಮಲಗತಾನೇನು?" ಎಂದು ಪಕ್ಕದ ಮಗ್ಗದವನು ಕೆಣಕಿದರೆ ಇವನು ತಲೆ ಎತ್ತದೆ, "ಹೊರಗಿದ್ದಾಗ ನಾ ಡೊಂಕ ನಡದದ್ದು ಸಾಕು. ಇದಾದ್ರೂ ನೆಟ್ಟಗಿರಲಿ" ಅನ್ನುತ್ತಿದ್ದ.

ನಾನು ಕಲಿತ ಶಾಲೆ ಅದೊಂದೇ. ಕಲಿತ ಅಕ್ಷರವೂ ಅದೊಂದೇ.

ಅಲ್ಲಿಂದ ಗದಗಿನ ಒಂದು ತುಂಬಿದ ಮನೆಗೆ ಬಂದೆ. ನನ್ನನ್ನು ಹೊರಸಿಗೆ ಹೆಣೆದರು. ಬಾಣಂತಿಯರಿಗೆಂದೇ ಇಟ್ಟಿದ್ದ ಮಂಚ ಅದು. ಕೆಳಗೆ ಕೆಂಡದ ಅಗ್ಗಿಷ್ಟಿಗೆ, ಮೇಲೆ ತಾಯಿ, ಮಗ್ಗುಲಲ್ಲಿ ಕೂಸು, ಮನೆ ತುಂಬ ಅಜವಾನದ ಹೊಗೆ. ಮೊದಲು ಮಲಗಿದವಳು ಆ ಮನೆಯ ಹಿರಿಯ ಸೊಸೆ ನೀಲಗಂಗವ್ವ. ಕೆಲವು ವರ್ಷಗಳ ಮೇಲೆ ಕಿರಿಯ ಸೊಸೆ ದಾಕ್ಷಾಯಣಿ ಮಲಗಿದಳು. ಅವಳಿಗೆ ಹೆರಿಗೆಯ ಮೇಲೆ ಜ್ವರ ಏರಿತ್ತು. ನೀಲಗಂಗವ್ವ ಕೆಳಗೆ ಕೂತು, ನನ್ನ ಅಂಚಿಗೆ ತಲೆ ಆನಿಸಿ, ನೆಗೆಣ್ಣಿಯ ಕೈ ಬಿಡದೆ ಕಾದಳು. ಇಬ್ಬರ ಬೆನ್ನಿನ ಗುರುತೂ ನನಗಿದೆ. ಹಿರಿಯವಳು ಮಲಗಿದರೆ ನಾನು ಸಮನಾಗಿ ತಗ್ಗುತ್ತಿದ್ದೆ. ಕಿರಿಯವಳು ಮಲಗಿದಲ್ಲೂ ಹೊರಳಾಡಿ ನನ್ನನ್ನು ಜಗ್ಗಾಡುತ್ತಿದ್ದಳು.

ಆಮೇಲೆ ಮನೆಗೆ ಪ್ಲೈವುಡ್ ಮಂಚಗಳು ಬಂದವು. ಹೊರಸಿನ ಕಟ್ಟಿಗೆ ಅಟ್ಟ ಸೇರಿತು. ನನ್ನನ್ನು ಬಿಚ್ಚಿ, ಸುತ್ತಿ, ಹಿತ್ತಾಳೆ ಹಂಡೆಯೊಳಗೆ ಇಟ್ಟರು. ಅಲ್ಲಿ ಎಷ್ಟು ಕಾಲ ಇದ್ದೆನೋ, ಕತ್ತಲೆಗೆ ಲೆಕ್ಕವಿಲ್ಲ.

ಹೊರಗೆ ಬಂದದ್ದು ಒಂದು ಆಟದ ದೆಸೆಯಿಂದ. ಪಿಕಲ್‌ಬಾಲ್ ಎಂದು ಅದರ ಹೆಸರು. ತೂತು ತೂತಿನ ಪ್ಲಾಸ್ಟಿಕ್ ಚೆಂಡು, ಅಗಲ ಹಲಗೆಯ ಬ್ಯಾಟು, ಸೊಂಟದೆತ್ತರ ನೆಟ್ಟು, ಕಡೆಗಿಬ್ಬರಂತೆ ಆಟ. ಬೇರೆ ಊರುಗಳಲ್ಲಿ ಸಿಮೆಂಟಿನ ಮೇಲೆ ಆಡುತ್ತಾರಂತೆ. ನಮ್ಮ ಬಡಾವಣೆಯ ಕ್ಲಬ್ಬಿನಲ್ಲಿ ಗರಸು ಮಣ್ಣು ಹಾಕಿ ರೋಲರ್ ಹೊಡೆದ ಕೆಂಪು ನೆಲ. ಸುಣ್ಣದ ಗೆರೆ ದಿನಾ ಅಳಿಸುತ್ತದೆಂದು ಕಾರ್ಯದರ್ಶಿ ಶೆಟ್ಟರ್ ಗೊಣಗಿದಾಗ ನೀಲಗಂಗವ್ವ ನನ್ನನ್ನು ತಂದುಕೊಟ್ಟಳು. ಅಂಗಳದ ಸುತ್ತ ಹೊರಗೆರೆಯಾಗಿ ಹಾಸಿ, ಸೋಡಾ ಬಾಟಲಿಯ ಮುಚ್ಚಳ ಇಟ್ಟು ಮೊಳೆ ಬಡಿದರು. ಶೆಟ್ಟರ್ ಒಂದು ಕಣ್ಣು ಮುಚ್ಚಿ ನೋಡಿ, "ಭಾರಿ ಆತ್ ನೋಡ್ರಿ ಅಕ್ಕಾರ, ರೂಲ್‌ಪಟ್ಟಿ ಇಟ್ಟಂಗ ಐತಿ!" ಅಂದರು. ಈ ಮಾತು ನೆನಪಿಡಿ. ಅವರಂತೂ ಇಡಲಿಲ್ಲ.

ಅಲ್ಲಿಂದ ಮುಂದೆ ನಾನು ಜನರನ್ನು ಬೆನ್ನಿನಿಂದಲ್ಲ, ಕಾಲಿನಿಂದ ಗುರುತಿಸಿದೆ. ನೀಲಗಂಗವ್ವನ ಕಾಲು ಇಟ್ಟಲ್ಲಿ ಇಟ್ಟಂತೆ, ಹಿಮ್ಮಡಿ ನೆಲಕ್ಕೆ. ದಾಕ್ಷಾಯಣಿಯದು ಯಾವಾಗಲೂ ತುದಿಬೆರಳ ಮೇಲೆ, ಬಿಸಿ ಹಂಚಿನ ಮೇಲೆ ನಿಂತ ಹಾಗೆ. ಈ ಆಟದಲ್ಲಿ ನೆಟ್ಟಿನ ಆಚೀಚೆ ಒಂದಿಷ್ಟು ಜಾಗಕ್ಕೆ ಅಡಿಗೆಮನೆ ಅನ್ನುತ್ತಾರೆ. ಅದರೊಳಗೆ ಕಾಲಿಟ್ಟು, ಚೆಂಡು ಪುಟಿಯುವ ಮೊದಲೇ ಹೊಡೆಯುವ ಹಾಗಿಲ್ಲ.

"ಎಂಥಾ ಆಟ ಯಕ್ಕಾ ಇದು!" ಎಂದು ದಾಕ್ಷಾಯಣಿ ನಗುತ್ತಿದ್ದಳು. "ಮನ್ಯಾಗ ಅಡಗಿಮನಿ ಬಿಟ್ಟು ಹೊರಗ ಬರೂಹಂಗಿಲ್ಲ, ಇಲ್ಲಿ ಒಳಗ ಹೋಗೂಹಂಗಿಲ್ಲ!"

ಆದರೆ ಜೋಡಿ ಎಂದರೆ ಜೋಡಿ. ನೀಲಗಂಗವ್ವ ಚೆಂಡನ್ನು ಮೆತ್ತಗೆ, ನೆಟ್ಟಿನ ಆಚೆಗೆ ಹೂವು ಇಟ್ಟ ಹಾಗೆ ಇಡುತ್ತಿದ್ದಳು. ಮತ್ತೆ ಇಡುತ್ತಿದ್ದಳು. ಆಚೆಯವರಿಗೆ ಬೇಸರ ಬಂದು ಚೆಂಡನ್ನು ಎತ್ತರಕ್ಕೆ ಎತ್ತಿದರೋ, ದಾಕ್ಷಾಯಣಿ ನುಗ್ಗಿ ಬಡಿಯುತ್ತಿದ್ದಳು. ಒಬ್ಬಳು ಹಾಲು ಉಕ್ಕುವ ತನಕ ಕಾಯುವವಳು, ಇನ್ನೊಬ್ಬಳು ಉಕ್ಕಿದ ಕೂಡಲೇ ಇಳಿಸುವವಳು. ನಡುವೆ ಬಂದ ಚೆಂಡು ಕಿರಿಯವಳದು, ತಲೆ ಮೇಲಿಂದ ಹೋದದ್ದು ಹಿರಿಯವಳದು ಎಂದು ಮೊದಲೇ ಮಾತಾಗಿತ್ತು. ಹಾಗಾಗಿ ಒಬ್ಬರಿಗೊಬ್ಬರು ಡಿಕ್ಕಿ ಹೊಡೆಯುತ್ತಿರಲಿಲ್ಲ. ದಾಕ್ಷಾಯಣಿಗೆ ಸಿಟ್ಟು ಏರಿತೆಂದರೆ ನೀಲಗಂಗವ್ವ ಅವಳನ್ನು ಹಿಂದಿನ ಗೆರೆಯ ತನಕ ಕರೆತಂದು, ನನ್ನ ಮೇಲೆ ಹಿಮ್ಮಡಿ ಊರಿ ಉಸಿರು ಬಿಟ್ಟು ಹೇಳುತ್ತಿದ್ದಳು: "ಹೋದ ಚೆಂಡು ಹೋತು. ಈ ಚೆಂಡು ನೋಡವಾ."

ಹೀಗೆ ಆಡಿ ಆಡಿ ಸುತ್ತಲ ಊರುಗಳ ಹೆಣ್ಣುಮಕ್ಕಳ ಪಂದ್ಯದಲ್ಲಿ ಕೊನೆಯ ಆಟದ ತನಕ ಬಂದರು. ಗೆದ್ದರೆ ಬೆಳಗಾವಿಯ ದೊಡ್ಡ ಪಂದ್ಯಕ್ಕೆ ಹೋಗಬಹುದು. ದಾಕ್ಷಾಯಣಿಗೆ ಅದು ಬರೀ ಕಪ್ ಆಗಿರಲಿಲ್ಲ. ತವರಿನಲ್ಲಿ ಮೂರನೆಯ ಮಗಳು, ಗಂಡನ ಮನೆಯಲ್ಲಿ ಎರಡನೆಯ ಸೊಸೆ. "ಒಂದರಾಗಾದ್ರೂ ಮೊದಲ ನಂಬರ್ ಆಗ್ಬೇಕ ಯಕ್ಕಾ" ಎಂದು ಅವತ್ತು ಬೆಳಿಗ್ಗೆ ಬೂಟಿನ ದಾರ ಕಟ್ಟುತ್ತ ಅಂದದ್ದನ್ನು ನಾನೇ ಕೇಳಿದ್ದೇನೆ.

ಇನ್ನೊಂದು ಪದ್ಧತಿ ಹೇಳಬೇಕು, ಇಲ್ಲದಿದ್ದರೆ ನನ್ನ ಸಿಟ್ಟು ನಿಮಗೆ ಅರ್ಥವಾಗದು. ಅವತ್ತು ಕುರ್ಚಿಯ ಮೇಲೆ ಕೂತ ಅಂಪೈರ್ ಅಂಕ ಹೇಳುವುದಕ್ಕೆ ಮಾತ್ರ. ಚೆಂಡು ಗೆರೆಯೊಳಗೆ ಬಿತ್ತೋ ಹೊರಗೋ ಎಂದು ಹೇಳಬೇಕಾದವರು ಯಾರ ಅಂಗಳದಲ್ಲಿ ಬಿತ್ತೋ ಅವರೇ. ಗೆರೆಯನ್ನು ಮುಟ್ಟಿದರೂ ಒಳಗೇ ಲೆಕ್ಕ. ಜೋಡಿಯಲ್ಲಿ ಒಬ್ಬರು ಹೊರಗೆ ಅಂದು ಇನ್ನೊಬ್ಬರು ಒಳಗೆ ಅಂದರೆ, ಅದು ಒಳಗೆ. ಆಟ ಮನುಷ್ಯರನ್ನು ನಂಬಿದೆ. ನಂಬಲಿ, ಬೇಡ ಅನ್ನಲು ನಾನ್ಯಾರು?

ಎದುರು ನಿಂತದ್ದು ಧಾರವಾಡದ ಜೋಡಿ, ಎಳೆ ಹುಡುಗಿಯರು. ದಾಕ್ಷಾಯಣಿಯ ಸಿಟ್ಟು ಅವರಿಗೆ ತಿಳಿದಿತ್ತು. ಬಂದ ಚೆಂಡನ್ನೆಲ್ಲ ಅವಳ ಕಡೆಗೇ, ಅವಳ ಮೊಣಕಾಲಿಗೇ ಕಳಿಸಿದರು. ಆದರೂ ಒಂದು ಆಟ ನಮ್ಮದು, ಒಂದು ಅವರದು. ಮೂರನೆಯದರಲ್ಲಿ ಹನ್ನೊಂದಕ್ಕೆ ಗೆಲುವು. ನಮ್ಮವರು ಹತ್ತು, ಅವರು ಒಂಬತ್ತು, ಸರ್ವಿಸು ನಮ್ಮದು. ಒಂದೇ ಒಂದು ಅಂಕ.

ಮೆತ್ತಗೆ ಚೆಂಡು ಆಚೆ ಹೋಯಿತು, ಈಚೆ ಬಂತು. ಯಾರೂ ಉಕ್ಕಲಿಲ್ಲ. ಆಗ ಧಾರವಾಡದ ಎತ್ತರದ ಹುಡುಗಿ ಸರಕ್ಕನೆ ಚೆಂಡನ್ನು ಇಬ್ಬರ ತಲೆ ಮೇಲಿಂದ ಹಾರಿಸಿದಳು. ನೀಲಗಂಗವ್ವ ತಿರುಗಿ ಓಡಿ ಬಂದಳು. ಮುಟ್ಟಲಾಗಲಿಲ್ಲ. ಚೆಂಡು ಬಿತ್ತು.

ನನ್ನ ಮೇಲೆ ಬಿತ್ತು. ನನ್ನ ಹೊರ ಅಂಚಿನಿಂದ ಒಂದು ಬೆರಳು ಒಳಗೆ! ಬೆಳಿಗ್ಗೆ ನೀರು ಚಿಮುಕಿಸಿದ ನೆಲ. ಒದ್ದೆ ಗರಸು ಮೆತ್ತಿದ್ದ ಚೆಂಡು ನನ್ನ ಬಿಳಿ ಮೈಮೇಲೆ ಕೆಂಪು ಮುದ್ರೆ ಒತ್ತಿತು, ತೂತುಗಳ ಗುರುತಿನ ಸಮೇತ.

"ಔಟ್!" ಎಂದು ದಾಕ್ಷಾಯಣಿ ಕೈ ಎತ್ತಿದಳು. ಚಪ್ಪಾಳೆ, ಸಿಳ್ಳೆ. ಶೆಟ್ಟರ್ ಕುರ್ಚಿಯಿಂದ ಎದ್ದೇಬಿಟ್ಟರು.

"ಒಳಗ ಬಿದ್ದೈತ್ರಿ" ಅಂದಳು ನೀಲಗಂಗವ್ವ, ಏದುಸಿರಿನಲ್ಲೇ.

"ಯಕ್ಕಾ! ಹೊರಗ ಐತಿ!"

"ಇಲ್ಲವಾ. ಪಟ್ಟಿ ಮ್ಯಾಲ ಬಿತ್ತು."

ಇದನ್ನು ಹೇಳಿ ಅವಳು ಅಂಪೈರ್ ಕಡೆ ನಡೆದಳು. ದಾಕ್ಷಾಯಣಿ ನನ್ನ ಹತ್ತಿರ ಬಂದು ಬಗ್ಗಿದಳು. ಮುದ್ರೆ ನೋಡಿದಳು. ನೋಡಿ, ಅದರ ಮೇಲೆ ಬೂಟು ಇಟ್ಟು, ಬೀಡಿ ಆರಿಸುವವರ ಹಾಗೆ ತಿರುವಿದಳು.

ಅಯ್ಯೋ ತಾಯಿ! ನಿನ್ನ ಜ್ವರದ ಬೆವರು ಕುಡಿದವನು ನಾನು. ನನ್ನ ಮೇಲೆಯೇ ಬೂಟು ತಿರುವುವುದೇ?

ಇಬ್ಬರ ಮಾತು ಎರಡಾದ್ದರಿಂದ ಚೆಂಡು ಒಳಗೆ ಎಂದಾಯಿತು. ಆಮೇಲೆ ದಾಕ್ಷಾಯಣಿಯ ಕಾಲು ನೆಲದ ಮೇಲೆ ನಿಲ್ಲಲೇ ಇಲ್ಲ. ಒಂದನ್ನು ನೆಟ್ಟಿಗೆ ಬಡಿದಳು, ಒಂದನ್ನು ಗೋಡೆಯಾಚೆಗೆ. ನೀಲಗಂಗವ್ವ ಹಿಮ್ಮಡಿ ಊರಿ "ಈ ಚೆಂಡು ನೋಡವಾ" ಅಂದರೆ ಮುಖ ತಿರುಗಿಸಿದಳು. ಕಪ್ ಧಾರವಾಡಕ್ಕೆ ಹೋಯಿತು.

ಸೋತದ್ದಕ್ಕೆ ನನಗೆ ಸಂಕಟವಿಲ್ಲ. ಆಮೇಲಿನ ನಾಲಿಗೆಗಳು ಕೇಳಬೇಕಿತ್ತು ನೀವು.

"ಏನ್ರಿ ಅಕ್ಕಾರ, ಹರಿಶ್ಚಂದ್ರನ ಮನಿತನದವರೇನು ನೀವು? ಒಂದ್ ಸಲ ಬಾಯಿ ಮುಚ್ಚಿದ್ರ ಕಪ್ ನಮ್ದಾಗಿತ್ತಲ್ರಿ!" ಅಂದರು ಶೆಟ್ಟರ್.

ಅವರ ಹೆಂಡತಿ ಗೌರವ್ವ ಪಕ್ಕದವರಿಗೆ, ಆದರೆ ಎಲ್ಲರಿಗೂ ಕೇಳುವ ಹಾಗೆ, "ಸಣ್ಣ ನೆಗೆಣ್ಣಿ ಮುಂದ ಬರೂದು ಯಾವಾಕಿಗೆ ಸೇರತೈತಿ ಹೇಳ್ರಿ?" ಅಂದಳು. ಸಾಯಂಕಾಲದೊಳಗೆ ಬಡಾವಣೆಯೆಲ್ಲ ಅದೇ ಮಾತು: ನೀಲಗಂಗವ್ವ ಹೊಟ್ಟೆಕಿಚ್ಚಿಗೆ ಆಟ ಬಿಟ್ಟುಕೊಟ್ಟಳು. ಕೊನೆಗೆ ಶೆಟ್ಟರ್ ರಾಜಿ ಮಾಡುವವರ ಹಾಗೆ, "ಹೋಗ್ಲಿ ಬಿಡ್ರಿ, ಪಟ್ಟಿನ ಡೊಂಕ ಐತಿ. ಹಳೇ ಹೊರಸಿಂದು, ಸರದಿರತೈತಿ" ಅಂದರು.

"ಹೌದ್ರಿ. ಪಟ್ಟಿನ ಸರದಿತ್ತು" ಅಂದಳು ದಾಕ್ಷಾಯಣಿ.

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಇಲ್ಲಿ ಕುಣಿಯಲು ಬಲ್ಲವಳೇ ಅಂದಳು. ರೂಲ್‌ಪಟ್ಟಿ ಅಂದ ಬಾಯಿಯೇ ಡೊಂಕು ಅಂದಿತು. ತುಳಿದವಳನ್ನು ಬಿಟ್ಟು ಒಬ್ಬರು, ಒಬ್ಬರಾದರೂ ಬಗ್ಗಿ ನನ್ನನ್ನು ನೋಡಿದರೇ? ಚೆಂಡು ಬಿದ್ದದ್ದು ನನ್ನ ಮೇಲೆ, ಕೇಳಿದ್ದು ಊರವರನ್ನೆಲ್ಲ! ಮೊಳೆ ಕಿತ್ತರು. ಸೈಕಲ್ ಸ್ಟ್ಯಾಂಡಿನ ಹಿಂದೆ ಮುರಿದ ಕುರ್ಚಿಗಳ ಮೇಲೆ ಎಸೆದರು. ನನ್ನ ಜಾಗದಲ್ಲಿ ಹೊಸ ಪ್ಲಾಸ್ಟಿಕ್ ಪಟ್ಟಿ ಬಂತು.

ನೀಲಗಂಗವ್ವ ಬಂದು ನನ್ನನ್ನು ಮೊಣಕೈಗೆ ಸುತ್ತಿಕೊಂಡು ಮನೆಗೆ ಒಯ್ದಳು. ಆಮೇಲೆ ಅವಳು ಆಡಲು ಹೋಗಲಿಲ್ಲ. ದಾಕ್ಷಾಯಣಿ ಬೇರೆ ಜೋಡಿ ಹುಡುಕಿಕೊಂಡಳು. ಒಂದೇ ಒಲೆ, ಇಬ್ಬರು ನೆಗೆಣ್ಣಿಯರು, "ಉಪ್ಪು ಹಾಕೀಯೇನು?" "ಹಾಕೀನಿ." ಅಷ್ಟೇ ಮಾತು.

ಹೀಗಿರುವಾಗ ದಾಕ್ಷಾಯಣಿಯ ಮಗಳು ಅಕ್ಷತಾ ಚೊಚ್ಚಲ ಹೆರಿಗೆಗೆ ತವರಿಗೆ ಬಂದಳು. ಬಾಣಂತಿಗೆ ಹೊರಸೇ ಬೇಕು ಎಂದಾಯಿತು. ಅಟ್ಟದಿಂದ ಕಟ್ಟಿಗೆ ಇಳಿಸಿದರು. ನೀಲಗಂಗವ್ವ ನನ್ನನ್ನು ಸೋಡಾ ಹಾಕಿ ಕುದಿಸಿ ಒಗೆದಳು. ಎಲ್ಲ ಕೊಳೆ ಹೋಯಿತು, ಆ ಮುದ್ರೆ ಹೋಗಲಿಲ್ಲ. ಗರಸು ಮಣ್ಣನ್ನು ನೂಲಿಗೆ ತಿಕ್ಕಿದರೆ ಅಳಿಯುವುದಿಲ್ಲ, ಇನ್ನೂ ಒಳಗೆ ಇಳಿಯುತ್ತದೆ. ತೂತು ತೂತಿನ ಕೆಂಪು ದುಂಡು. ಅದರ ಮೇಲೆ ಅಡ್ಡಡ್ಡ ಬೂಟಿನ ಗೆರೆ. ನೀಲಗಂಗವ್ವ ಅದನ್ನು ಹೆಬ್ಬೆರಳಿನಿಂದ ಸವರಿದಳು. ಬಾಗಿಲ ಬಳಿ ದಾಕ್ಷಾಯಣಿ ಬಿಟ್ಟಿದ್ದ ಬೂಟುಗಳ ಕಡೆ ಒಮ್ಮೆ ನೋಡಿದಳು. ಒಣಹಾಕಿದಳು. ಯಾರನ್ನೂ ಕರೆಯಲಿಲ್ಲ. ಶೆಟ್ಟರ್ ಮುಖದೆದುರು ಹಿಡಿಯಬಾರದಿತ್ತೇ ನನ್ನನ್ನು? ಎಂಥ ಹೆಂಗಸು!

ಹೊರಸು ಹೆಣೆಯುವುದು ಒಬ್ಬರ ಕೆಲಸವಲ್ಲ. ಒಬ್ಬರು ಈ ಕಡೆಯಿಂದ ದಾಟಿಸಬೇಕು, ಇನ್ನೊಬ್ಬರು ಆ ಕಡೆಯಿಂದ ಜಗ್ಗಿ ಹಿಡಿಯಬೇಕು. ದಾಕ್ಷಾಯಣಿ ಬಂದು ಆ ಕಡೆ ಕೂತಳು.

"ಜಗ್ಗವಾ."

"ಜಗ್ಗೀನಿ."

"ಸಡಲ ಬಿಟ್ಟಿ. ಹುಡಿಗಿ ನಡಾ ನೋಯತೈತಿ."

ಹೀಗೆ ಸಾಗಿ ಸಾಗಿ ಮುದ್ರೆ ದಾಕ್ಷಾಯಣಿಯ ಕೈಗೆ ಬಂತು. ಅವಳ ಕೈ ನಿಂತಿತು. ಆ ಕಡೆಯ ಬಿಗಿ ಹೋದದ್ದು ನನಗೂ ತಿಳಿಯಿತು, ಈ ಕಡೆ ಹಿಡಿದವಳಿಗೂ ತಿಳಿಯಿತು. ದಾಕ್ಷಾಯಣಿ ತಲೆ ಎತ್ತದೆ ಕೇಳಿದಳು: "ಇದನ್ನ ತೆಳಗ ಮಾಡಿ ಹಾಕ್ಲೇನ ಯಕ್ಕಾ?"

"ಬ್ಯಾಡ. ಮ್ಯಾಲ ಇರಲಿ. ಜಗ್ಗು."

ಗಂಡು ಕೂಸು ಹುಟ್ಟಿತು. ತೊಟ್ಟಿಲಿಗೆ ಹಾಕುವ ದಿನ ಕ್ಲಬ್ಬಿನ ಹೆಂಗಸರೆಲ್ಲ ಬಂದರು. ಗೌರವ್ವ ಕೂಸಿಗೆ ತಲೆಗೆ ಕಟ್ಟುವ ಕುಲಾಯಿ ತಂದಿದ್ದಳು. ಕೂಸನ್ನು ಎತ್ತಿಕೊಂಡಾಗ ಅದರ ಕೆಳಗಿನ ದುಪ್ಪಟಿ ಸರಿಯಿತು.

"ಅಯ್ಯ, ಕೂಸಿನ ಹೊರಸಿಗೆ ಕಲೆ ಬಿದ್ದ ಪಟ್ಟಿ ಹಾಕೀರಲ್ರಿ! ಏನಿದು ಕೆಂಪಗ?"

ನೀಲಗಂಗವ್ವ ಚಹಾದ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಅವಳು ಬಾಯಿ ತೆರೆಯುವ ಮೊದಲೇ ದಾಕ್ಷಾಯಣಿ ಅಂದಳು:

"ಚೆಂಡು ಬಿದ್ದದ್ರಿ ಅದು. ಫೈನಲ್‌ದಾಗಿಂದು."

"ಅಂದ್ರ..."

"ಪಟ್ಟಿ ಮ್ಯಾಲನ ಬಿದ್ದಿತ್ತು. ಮ್ಯಾಲಿಂದು ನನ್ನ ಬೂಟು. ನಮ್ಮಕ್ಕ ಖರೇನ ಹೇಳಿದ್ಲು."

ಗೌರವ್ವ ಕೂಸನ್ನು ಎದೆಗೆ ಒತ್ತಿಕೊಂಡು ಬಗ್ಗಿದಳು. ಅವಳ ಹಿಂದೆ ಇನ್ನೊಬ್ಬಳು ಬಗ್ಗಿದಳು, ಮತ್ತೊಬ್ಬಳು ಕನ್ನಡಕ ಏರಿಸಿದಳು.

"ಚಹಾ ಆರತಾವ, ತಗೋರಿ" ಅಂದಳು ನೀಲಗಂಗವ್ವ.

ಈಗ ನನಗೆ ವಯಸ್ಸಾಗಿದೆ. ಅಂಚಿನ ಎಳೆಗಳು ಏಳುತ್ತಿವೆ. ಕೆಳಗೆ ಕೆಂಡ, ಮೇಲೆ ಕೂಸು, ಬಂದಲ್ಲಿಗೇ ಬಂದಿದ್ದೇನೆ. ಬೆಳಿಗ್ಗೆ ಇಬ್ಬರೂ ಬ್ಯಾಟು ಹಿಡಿದು ಒಟ್ಟಿಗೆ ಹೊರಡುವುದು ಕಾಣುತ್ತದೆ. ಇನ್ನಾದರೂ ನನ್ನ ಸಿಟ್ಟು ಇಳಿಯಬೇಕಿತ್ತು. ಇಳಿದಿಲ್ಲ. ಅವತ್ತು ಆ ಹೆಂಗಸರು ನನ್ನ ಮೇಲೆ ಬಗ್ಗಿ ನಿಂತಾಗ ನನಗೆ ಬಾಯಿದ್ದಿದ್ದರೆ ಒಂದೇ ಮಾತು ಕೇಳುತ್ತಿದ್ದೆ: ಅವ್ವಗಳಿರಾ, ಇಷ್ಟು ಬಗ್ಗುವುದಕ್ಕೆ ಇಷ್ಟು ದಿನ ಬೇಕಾಯಿತೇ?