ಎರಡು ಬಣ್ಣದ ಗುಬ್ಬಿ

"ಅಪ್ಪಾ, ಇಲ್ನೋಡು, ನೀಲಿ ಬರ್ತಿದೆ!"

ಹಿಂದಿನ ಮಡ್‌ಗಾರ್ಡ್ ಉಜ್ಜುತ್ತಿದ್ದ ಮಗಳು ಉಪ್ಪುಕಾಗದ ಬಿಸಾಡಿ ಎದ್ದಳು. ಆಮೇಲೆ ಬಳಿದಿದ್ದ ಕೆಂಪಿನ ಕೆಳಗೆ ಕಂಪನಿಯ ಬೂದು ಬಣ್ಣ ಬರಬೇಕಿತ್ತು. ನಿನ್ನೆ ಬಾನೆಟ್ ಉಜ್ಜಿದಾಗ ಅದೇ ಬಂದಿತ್ತು.

ಗುಬ್ಬಿ ಟ್ರ್ಯಾಕ್ಟರಿನ ಚರಿತ್ರೆ ಅವಳಿಗೆ ಬಾಯಿಪಾಠ. ದೊಡ್ಡ ಗಾಡಿ ತಿರುಗದ ತುಂಡು ಹೊಲಗಳಿಗೆಂದೇ ಮಾಡಿದ್ದು. ಮೊದಲ ವರ್ಷದ್ದು ಬೂದು. ಮುಸ್ಸಂಜೆಯಲ್ಲಿ ಬದುವಿನ ಪಕ್ಕ ನಿಂತರೆ ಕಾಣದೆ, ಜನ ಮಂಡಿ ಒಡೆದುಕೊಂಡು ಕಂಪನಿಗೆ ಶಾಪ ಹಾಕಿದ್ದರು. ಹಾಗಾಗಿ ಎರಡನೆಯ ವರ್ಷ ನೀಲಿ. ಮೂರನೆಯ ವರ್ಷಕ್ಕೆ ಕಂಪನಿಯೇ ಇಲ್ಲ.

"ಮಡ್‌ಗಾರ್ಡ್ ಯಾರೋ ಬದಲಾಯಿಸಿರಬೇಕು," ಎನ್ನುತ್ತ ಗೇರ್‌ಬಾಕ್ಸ್ ಕೆರೆದಳು. ನೀಲಿ. ಕ್ಲಚ್ಚಿನ ಹತ್ತಿರದ ಬೋಲ್ಟುಗಳ ಸಾಲಿನವರೆಗೂ ನೀಲಿ. ಅಲ್ಲಿಂದಾಚೆಗೆ ಬೂದು.

ಬಾಗಿಲಲ್ಲಿ ನಿಂತಿದ್ದ ಅಮ್ಮನಿಗೆ ನಗು ತಡೆಯಲಾಗಲಿಲ್ಲ. "ಮುಂದಿನ ಅರ್ಧ ನನ್ನ ತವರುಮನೇದು ಕಣೇ. ಗೇರ್‌ಬಾಕ್ಸ್ ಮುರಿದಿತ್ತು. ರಿಪೇರಿ ಮಾಡ್ತೀನಿ ಅಂತ ಈ ಮನುಷ್ಯ ಬಂದ. ಇವರ ಮನೇಲಿ ಇಂಜಿನ್ ಒಡೆದ ಗುಬ್ಬಿ ಇತ್ತು. ಎರಡನ್ನೂ ಸೇರಿಸಿದ. ಆಮೇಲೆ ಗಾಡಿ ಯಾರ ಮನೇಲಿರಬೇಕು ಅಂತ ಜಗಳ."

"ಹೇಗೆ ಬಗೆಹರೀತು?"

"ನಮ್ಮಿಬ್ಬರಿಗೂ ಮದುವೆ ಮಾಡಿದ್ರು."

"ಎಳೆಯೋದೆಲ್ಲ ನಮ್ಮ ಅರ್ಧಾನೇ," ಎಂದ ಅಪ್ಪ.

"ದಾರಿ ಹಿಡಿಯೋದು ನಮ್ಮದು. ಸುಮ್ನಿರಿ!"

ಮಗಳು ಸ್ಟೂಲಿನ ಮೇಲೆ ಕುಸಿದಳು. "ಭಾನುವಾರ ಹಳೇ ಗಾಡಿಗಳ ಪ್ರದರ್ಶನ. ಕಂಪನಿಯಿಂದ ಬಂದ ಹಾಗೇ ಇರೋ ಗಾಡಿಗೇ ಬಹುಮಾನ. ವರ್ಷವಿಡೀ ಇದಕ್ಕೇ ಒದ್ದಾಡಿದ್ದೀನಿ. ಮೊದಲನೇ ವರ್ಷದ್ದು ಅಂತ ಊರಿಗೆಲ್ಲ ಸಾರಿದ್ದೀನಿ!"

"ಪೂರ್ತಿ ಬೂದು ಬಳಿ. ಯಾರು ಕೆರೆದು ನೋಡ್ತಾರೆ?" ಎಂದ ಅಪ್ಪ.

ಅಮ್ಮ ಮಡ್‌ಗಾರ್ಡ್ ಮೇಲಿನ ಧೂಳನ್ನು ಸೆರಗಿನಿಂದ ಒರೆಸಿದಳು. "ಆಗ ನಿಮ್ಮ ಅರ್ಧ ಎಲ್ಲಿ ಹೋಯ್ತು?"

ಬೂದು ಬಣ್ಣದ ಡಬ್ಬಿ ತೆರೆಯಲು ಎತ್ತಿದ್ದ ಸ್ಕ್ರೂಡ್ರೈವರನ್ನು ಮಗಳು ಕೆಳಗಿಟ್ಟಳು. ನೀಲಿಯ ಒಂದು ಚಕ್ಕೆಯನ್ನು ಕಾಗದದಲ್ಲಿ ಮಡಿಚಿಕೊಂಡು ಬಣ್ಣದಂಗಡಿಗೆ ಹೊರಟಳು.

ಭಾನುವಾರ ತೀರ್ಪುಗಾರ ಗುಬ್ಬಿಯನ್ನು ದೂರದಿಂದ ನೋಡಿಯೇ ನಕ್ಕ. "ಏನಮ್ಮ, ಬಣ್ಣ ಸಾಲಲಿಲ್ವಾ?"

"ಎರಡು ಗಾಡಿ ಸಾರ್. ಈ ಬೋಲ್ಟುಗಳಿಂದ ಮುಂದಕ್ಕೆ ಅಮ್ಮಂದು, ಹಿಂದಕ್ಕೆ ಅಪ್ಪಂದು."

"ಹಾಗಾದ್ರೆ ಬಹುಮಾನದ ಸಾಲಲ್ಲಿ ನಿಲ್ಲಿಸೋ ಹಾಗಿಲ್ಲ."

"ಗೊತ್ತು ಸಾರ್."

ಆತ ಬೋಲ್ಟುಗಳ ಸಾಲಿಗೆ ಬಗ್ಗಿ, ಬೂದು ಮುಗಿದು ನೀಲಿ ಶುರುವಾಗುವಲ್ಲಿ ಬೆರಳಾಡಿಸಿದ. "ಕೂದಲೂ ತೂರಲ್ಲ. ಯಾರು ಸೇರಿಸಿದ್ದು?" ಎಂದು ಕೇಳಿದ. ಅಪ್ಪ ಎಂದಿಲ್ಲದಂತೆ ನಾಚಿಕೊಂಡ.

ಸಾಲು ಬಿಟ್ಟು ಮರದ ನೆರಳಿಗೆ ಗಾಡಿ ಸರಿಸಬೇಕಿತ್ತು. ಅಪ್ಪ ಹತ್ತಿ ಕುಳಿತ. ಇಂಜಿನ್ ತಿರುಗಿಸಿ ಶುರುಮಾಡುವ ಹ್ಯಾಂಡಲನ್ನು ಮಗಳು ಎತ್ತಿಕೊಳ್ಳುವಷ್ಟರಲ್ಲಿ ಅಮ್ಮ ಅದನ್ನು ಕಿತ್ತುಕೊಂಡು, ಸೆರಗು ಸಿಕ್ಕಿಸಿ, ಬಾನೆಟ್ಟಿನ ಮುಂದೆ ಬಗ್ಗಿದಳು.

ಮುಂದೆ ಬೂದು ಬಾನೆಟ್ ಕೆಮ್ಮಿತು. ಹಿಂದೆ ನೀಲಿ ಮಡ್‌ಗಾರ್ಡಿನ ಮೇಲೆ ಅಪ್ಪ ಇಟ್ಟಿದ್ದ ಟೀ ಲೋಟ ಗಲಗಲ ಕುಣಿಯತೊಡಗಿತು.